ಕ್ಯೂರಿಂಗ್

ಸೊಹಾರಿನ ಪಾಲಿಕ್ಲಿನಿಕ್ಕು, ಡ್ರೆಸಿಂಗ್ ರೂಮು ಎರಡು.
ಹೊರಗೆ ಜುಲೈ. ಬಾಗಿಲ ಹಿಡಿಗೂ ಬಟ್ಟೆ ಸುತ್ತಿದ್ದಾರೆ.
ಒಳಗೆ ಐತಪ್ಪ ಮೇಸ್ತ್ರಿಯ ಎಡಗಾಲು
ನನ್ನ ಮಡಿಲ ಹಸಿರು ಬಟ್ಟೆಯ ಮೇಲೆ,
ಸ್ವಲ್ಪ ನೋಡಿಕೊಳ್ಳಿ, ಈಗ ಬಂದೆ ಅಂತ
ಯಾರೋ ಬಿಟ್ಟುಹೋದ ಚೀಲದ ಹಾಗೆ.

ಹೆಬ್ಬೆರಳ ಬುಡದಲ್ಲಿ ಗಾಯ.
ಮೊಳೆ ಹೊಕ್ಕದ್ದು ಅವರಿಗೆ ಗೊತ್ತೇ ಆಗಲಿಲ್ಲ.
ಸೇಫ್ಟಿ ಶೂವಿನೊಳಗೆ ಮೂರು ದಿನ
ಅದರ ಮೇಲೆಯೇ ನಿಂತು ಗೋಡೆ ಮೆತ್ತಿದ್ದಾರೆ.
ಕ್ಯಾಂಪಿನ ಬಚ್ಚಲಿನಿಂದ ಮಂಚದವರೆಗೆ
ಕೆಂಪು ಹೆಜ್ಜೆ ಕಂಡು ಕೂಗಿದವನು ಪಕ್ಕದ ನೇಪಾಳಿ ಹುಡುಗ.
"ಯಾರದ್ದಪ್ಪಾ ರಕ್ತ ಅಂತ ನಾನೂ ಹುಡುಕಿದೆ ಸಿಸ್ಟರ್."

ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಕಡೆ ಒತ್ತಬೇಕು.
ಕಣ್ಣು ಮುಚ್ಚಿ, ಮುಟ್ಟಿದಾಗ ಹೂಂ ಅನ್ನಿ, ಎಂದೆ.
ಹೂಂ, ಎಂದರು.
ನಾನಿನ್ನೂ ಎಳೆಯನ್ನು ಡಬ್ಬಿಯಿಂದ ತೆಗೆದೇ ಇರಲಿಲ್ಲ.
ಹೂಂ. ಹೂಂ. ಮತ್ತೆ ಹೂಂ.
ಫೋರ್‌ಮನ್ ಹಾಜರಿ ಕರೆಯುವಾಗ
ಬಾರದವರ ಹೆಸರಿಗೂ ತಾನೇ ಓಗೊಡುವವನಂತೆ.

ಯಾಕೆ ಮಾಯುವುದಿಲ್ಲ ಇದು?
ಊರಲ್ಲಿ ಕತ್ತಿ ತಾಗಿದರೆ ಕಮ್ಯುನಿಸ್ಟ್ ಸೊಪ್ಪು ಹಿಂಡಿ
ನಾಲ್ಕನೇ ದಿನ ಹಕ್ಕಳೆ ಕೀಳುತ್ತಿದ್ದೆ.
ನಾನು ಪಾಠ ಒಪ್ಪಿಸತೊಡಗಿದೆ: ರಕ್ತನಾಳ, ನರ, ಬಿಳಿಕಣ.
ಅವರ ಕಣ್ಣು ನನ್ನ ಹೆಗಲು ದಾಟಿ ಗೋಡೆಗೆ ಹೋಯಿತು,
ಎಸಿಯ ಕೆಳಗೆ ಬಣ್ಣ ಹೊಪ್ಪಳೆಯೆದ್ದ ಜಾಗಕ್ಕೆ.
"ಉಪ್ಪು ಹಿಡಿದಿದೆ. ಕಡಲ ಹೊಯ್ಗೆ ತೊಳೆಯದೆ ಕಲಸಿದ್ದಾರೆ.
ಎಷ್ಟು ಸಲ ಮೆತ್ತಿದರೂ ಗಾರೆ ನಿಲ್ಲುವುದಿಲ್ಲ."

ಅದೇ ಮೇಸ್ತ್ರಿ. ಉಪ್ಪಿನ ಜಾಗದಲ್ಲಿ ಸಕ್ಕರೆ ಇಡಿ.
ದಿನಕ್ಕೆ ಆರು ಕರಕ್ ಚಾ ಒಂದರದ್ದೇ ತಪ್ಪಲ್ಲ,
ಅಪ್ಪನಿಂದ ಬಂದದ್ದೂ ಇದೆ,
ತಿಂಗಳ ಕೊನೆಗೆ ಅರ್ಧ ಮುರಿದು ಉಳಿಸಿದ ಮಾತ್ರೆಯೂ ಇದೆ.
ಬೆರಳಿಗೆ ಸಾಮಾನು ಹೋಗುವ ಓಣಿ ಒಳಗೊಳಗೇ ಕಿರಿದಾಗಿದೆ,
ಸಿಮೆಂಟಿನ ಲಾರಿ ತಿರುವಿನಲ್ಲೇ ನಿಂತಿದೆ.
ಕ್ರಿಮಿಗಳನ್ನು ಓಡಿಸುವ ಆಳುಗಳು ಬರುವುದೇ ತಡ,
ಬಂದವರೂ ಕರಣೆ ಹಿಡಿದು ತೂಕಡಿಸುತ್ತಾರೆ.
ಇನ್ನು ಕಾವಲುಗಾರ, ನೋವು ಅಂತ ಅವನ ಹೆಸರು,
ಯಾವತ್ತೋ ವೀಸಾ ರದ್ದು ಮಾಡಿಸಿ
ಹೇಳದೆ ಕೇಳದೆ ಹೋಗಿದ್ದಾನೆ.
ಹಾಗಾಗಿ ನಿಮ್ಮ ಗಾಯದ ಮೇಲೆ ನೀವೇ ನಡೆದಿರಿ.

"ಹಸಿ ನೆಲದ ಮೇಲೆ ನಾಯಿ ನಡೆದ ಹಾಗೆ!"
ನಕ್ಕರು. ನನಗೆ ನಗು ಬರಲಿಲ್ಲ.

ಸತ್ತ ಚರ್ಮ ಕೆತ್ತುತ್ತೇನೆ.
ಬ್ಲೇಡು ಆಡುವಾಗ ಅವರು
ನಿನ್ನೆಯ ಬಂಗುಡೆ ಸಾರಿಗೆ ಹುಳಿ ಹೆಚ್ಚಾದ ಕತೆ ಹೇಳುತ್ತಾರೆ.
ಕಿರುಚುವವರ ಗಾಯಕ್ಕೆ ನಾನು ಹೆದರುವುದಿಲ್ಲ.
ಹೀಗೆ ಸಾರಿನ ಮಾತಾಡುವವರದಕ್ಕೆ ಹೆದರುತ್ತೇನೆ.
ಹೋದ ವಾರ ಖರ್ಜೂರದ ಮುಳ್ಳು ಚುಚ್ಚಿ
ನನ್ನ ತೋರುಬೆರಳು ಎರಡು ರಾತ್ರಿ ಮಿಡಿಯಿತು,
ಎದ್ದು ಕೂತು ಬೈದಿದ್ದೆ.
ಈಗ ಆ ಬೆರಳಲ್ಲೇ ಬ್ಯಾಂಡೇಜಿನ ತುದಿ ಒತ್ತಿ ಹಿಡಿದಿದ್ದೇನೆ.

ಕಾಲೂರಬಾರದು, ಎನ್ನುತ್ತೇನೆ.
ಮಲಗುವ ಮೊದಲು ಗಡ್ಡದ ಕನ್ನಡಿಯಲ್ಲಿ
ಅಂಗಾಲಿನ ಮುಖ ನೋಡಬೇಕು.
"ಹಸಿ ಗೋಡೆಗೆ ಏಳು ದಿನ ನೀರು, ಯಾರೂ ಒರಗಬೇಡಿ ಅಂತ
ಹುಡುಗರಿಗೆ ಬೈಯುವವನು ನಾನು.
ಇದಕ್ಕೆ ಎಷ್ಟು ದಿನ ಕ್ಯೂರಿಂಗು?"

ಗೊತ್ತಿಲ್ಲ. ಕಾಗದದ ಸ್ಕೇಲು ಇಟ್ಟು ಅಳೆದೆ.
ಹೋದ ಬುಧವಾರ ಮೂವತ್ತೆರಡು, ಇವತ್ತು ಮೂವತ್ತೊಂದು.
ಒಂದೇ ಮಿಲಿಮೀಟರ್, ಎಂದೆ,
ಕಡಿಮೆ ಚಿಲ್ಲರೆ ಕೊಟ್ಟವಳ ದನಿಯಲ್ಲಿ.

ಮೇಸ್ತ್ರಿ ಕಾಲನ್ನು ಎರಡೂ ಕೈಯಿಂದ ಎತ್ತಿ
ನಿಧಾನಕ್ಕೆ ತಮ್ಮ ಕಡೆಗೆ ತೆಗೆದುಕೊಂಡರು.
"ಒಂದೇ ಅನ್ನಬೇಡಿ ಸಿಸ್ಟರ್.
ಮೂರು ಉಬ್ಬಿದೆ ಅಂತ ಆ ಈಜಿಪ್ಟಿನ ಎಂಜಿನಿಯರ್
ನನ್ನಿಂದ ಇಡೀ ಗೋಡೆ ಕೆಡವಿಸಿದ್ದ."